ಮನೆಯ ಕಂಪ್ಯೂಟರಿನಲ್ಲಿ ವಿಮಾನದ ತುರ್ತು ಪಾಠ

ಬೆಳಗಾವಿ ನಗರದ ಹೊರವಲಯದಲ್ಲಿರುವ ಸಾಂಬ್ರಾ ವಿಮಾನ ನಿಲ್ದಾಣದಿಂದ 2023ರ ಮೇ 30ರಂದು ಹಾರಿದ ಎರಡು ಆಸನಗಳ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದಾಗಿ ಸಮೀಪದ ಹೊನ್ನಿಹಾಳ ಗ್ರಾಮದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಪ್ರಾಣಾಪಾಯದಿಂದ ಪಾರಾದರು. ಇಂಥ ಗಳಿಗೆಯಲ್ಲಿ ಪೈಲಟ್ ಮೊದಲು ಏನು ಮಾಡುತ್ತಾನೆ, ಆಮೇಲೆ ಏನು ಮಾಡುತ್ತಾನೆ ಎಂಬುದನ್ನು ಬೆಳಗಾವಿಯ ಅಥವಾ ಖಾನಾಪುರದ ಮನೆಯಲ್ಲಿ ಕುಳಿತೇ ಕಲಿಯಲು ಈಗ ಸಾಧ್ಯವಿದೆ.

"ಮಗ ಇಡೀ ದಿನ ಕಂಪ್ಯೂಟರಿನಲ್ಲಿ ವಿಮಾನದ ಆಟ ಆಡುತ್ತಾನೆ" ಎಂದು ದೂರುವ ತಂದೆತಾಯಿಯರು ನಮ್ಮಲ್ಲಿ ಇದ್ದಾರೆ. ಆಟವೇ ಆಗಿದ್ದರೆ ಆ ದೂರು ಸರಿ. ಆದರೆ 1982ರಲ್ಲಿ ಮೊದಲು ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಎಕ್ಸ್-ಪ್ಲೇನ್, ಉಚಿತವಾಗಿ ಸಿಗುವ ಫ್ಲೈಟ್‌ಗಿಯರ್ ಮುಂತಾದ ತಂತ್ರಾಂಶಗಳು ಇಂದು ಬಹಳ ಮುಂದೆ ಬಂದಿವೆ. ಅವುಗಳಿಗೆ ಜೋಡಿಸುವ ಬೋಯಿಂಗ್ 737, ಏರ್‌ಬಸ್ ಎ320 ಮಾದರಿಗಳಲ್ಲಿ ಕಾಕ್‌ಪಿಟ್‌ನ ಬಹುತೇಕ ಸ್ವಿಚ್‌ಗಳು ನಿಜ ವಿಮಾನದಲ್ಲಿರುವಂತೆಯೇ ಕೆಲಸ ಮಾಡುತ್ತವೆ. ಬೇಕೆಂದಾಗ ಎಂಜಿನ್ ಕೆಡಿಸಬಹುದು, ಬೆಂಕಿಯ ಗಂಟೆ ಬಾರಿಸಬಹುದು.

ಕಲಿಯಲು ಹೊರಟವರು ನೇರವಾಗಿ ಬೆಂಕಿಗೆ ಹಾರುವುದು ಬೇಡ. ಮೊದಲು ವಿಮಾನದ ಒಳಗನ್ನು ತಿಳಿಯಬೇಕು. 737ರಲ್ಲಿ ಎರಡು ಎಂಜಿನ್‌ಗಳಿಗೆ ಒಂದೊಂದು ಜನರೇಟರ್ ಇದೆ, ಬಾಲದಲ್ಲಿರುವ ಎ.ಪಿ.ಯು. ಎಂಬ ಪುಟ್ಟ ಎಂಜಿನ್ ಮೂರನೆಯದನ್ನು ತಿರುಗಿಸುತ್ತದೆ, ಕೊನೆಗೆ ಬ್ಯಾಟರಿ. ರೆಕ್ಕೆ, ಬಾಲಗಳ ಭಾಗಗಳನ್ನು ಆಡಿಸಲು ಎ, ಬಿ ಮತ್ತು ಸ್ಟ್ಯಾಂಡ್‌ಬೈ ಎಂಬ ಹೈಡ್ರಾಲಿಕ್ ವ್ಯವಸ್ಥೆಗಳಿವೆ. ಎ320ರಲ್ಲಿ ಇವಕ್ಕೆ ಹಸಿರು, ನೀಲಿ, ಹಳದಿ ಎಂದು ಹೆಸರು. ವಿದ್ಯುತ್ತೆಲ್ಲ ಹೋದರೆ ಹೊಟ್ಟೆಯಿಂದ ಸಣ್ಣ ಗಾಳಿಚಕ್ರವೊಂದು ಹೊರಬಂದು ನೀಲಿ ವ್ಯವಸ್ಥೆಗೆ ಒತ್ತಡ ಕೊಡುತ್ತದೆ. ಯಾವುದು ಯಾವುದರಿಂದ ನಡೆಯುತ್ತದೆ ಎಂದು ಒಂದು ಕಾಗದದಲ್ಲಿ ಕೈಯಾರೆ ಚಿತ್ರ ಬರೆದರೆ ಹತ್ತು ವಿಡಿಯೋ ನೋಡಿದ್ದಕ್ಕಿಂತ ಹೆಚ್ಚು ತಲೆಗೆ ಹತ್ತುತ್ತದೆ.

ಒಳಗನ್ನು ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 2005ರ ಆಗಸ್ಟ್ 14ರಂದು ಗ್ರೀಸ್‌ನಲ್ಲಿ ಬಿದ್ದ ಹೀಲಿಯೋಸ್ ಸಂಸ್ಥೆಯ 737 ಸಾಕ್ಷಿ. ಒಳಗಿನ ಗಾಳಿಯೊತ್ತಡದ ಸ್ವಿಚ್ 'ಮ್ಯಾನ್ಯುವಲ್' ಸ್ಥಾನದಲ್ಲೇ ಉಳಿದಿತ್ತು. ಹೊರಡುವ ಮುನ್ನ ಯಾರೂ ಗಮನಿಸಲಿಲ್ಲ. ಮೇಲೇರುವಾಗ ಎಚ್ಚರಿಕೆಯ ಹಾರ್ನ್ ಬಾರಿಸಿತು. ಅದೇ ಸದ್ದು ನೆಲದ ಮೇಲೆ ಬೇರೊಂದು ದೋಷಕ್ಕೂ ಬಾರಿಸುವುದರಿಂದ ಪೈಲಟ್‌ಗಳು ತಪ್ಪು ತಿಳಿದುಕೊಂಡರು. ಆಮ್ಲಜನಕದ ಮಾಸ್ಕ್ ಹಾಕಿಕೊಳ್ಳುವುದು ಇಲ್ಲಿ ಮೊದಲ ಕೆಲಸ, ಅದು ಆಗಲಿಲ್ಲ. ಇದ್ದ 121 ಮಂದಿಯೂ ಮಡಿದರು.

ತುರ್ತು ಕ್ರಮಗಳಲ್ಲಿ ಕೆಲವನ್ನು ಬಾಯಿಪಾಠ ಮಾಡಬೇಕು, ಉಳಿದವನ್ನು ಚೆಕ್‌ಲಿಸ್ಟ್ ನೋಡಿ ಮಾಡಬೇಕು. 737ರಲ್ಲಿ ಎಂಜಿನ್‌ಗೆ ಬೆಂಕಿ ಬಿದ್ದರೆ ಆಟೋಥ್ರಾಟಲ್ ಬಿಡಿಸಿ, ಆ ಎಂಜಿನ್ನಿನ ಲಿವರ್ ಹಿಂದೆಳೆದು, ಇಂಧನ ಕಡಿದು, ಬೆಂಕಿಯ ಹಿಡಿಕೆ ಎಳೆಯಬೇಕು. ಲಿವರ್ ಮುಟ್ಟುವ ಪ್ರತಿ ಹೆಜ್ಜೆಯಲ್ಲೂ ಇನ್ನೊಬ್ಬ ಪೈಲಟ್ "ಹೌದು, ಇದೇ" ಎಂದು ಖಚಿತಪಡಿಸಬೇಕು. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಚೆನ್ನಾಗಿದ್ದ ಎಂಜಿನ್ನನ್ನೇ ನಿಲ್ಲಿಸಿ 47 ಮಂದಿ ಸತ್ತರು. 2015ರಲ್ಲಿ ತೈವಾನಿನಲ್ಲೂ ಹಾಗೆಯೇ ಆಯಿತು. ಅದು ಎಟಿಆರ್-72 ಜಾತಿಯ ವಿಮಾನ. ಆದ್ದರಿಂದ ಒಬ್ಬರೇ ಅಭ್ಯಾಸ ಮಾಡಬೇಡಿ. ಖಾನಾಪುರದಲ್ಲಿ ಒಬ್ಬ, ಬೆಳಗಾವಿಯಲ್ಲಿ ಇನ್ನೊಬ್ಬ ಫೋನಿನಲ್ಲಿ ಚೆಕ್‌ಲಿಸ್ಟ್ ಓದಿದರೂ ಸಾಕು. (ಮಳೆಗಾಲದಲ್ಲಿ ಕರೆಂಟೇ ಹೋದರೆ ಅದಕ್ಕೆ ಯಾವ ಚೆಕ್‌ಲಿಸ್ಟೂ ಇಲ್ಲ, ಯು.ಪಿ.ಎಸ್. ಇಟ್ಟುಕೊಳ್ಳಿ.)

ಸಾಂಬ್ರಾ ಅಭ್ಯಾಸಕ್ಕೆ ಒಳ್ಳೆಯ ಜಾಗ. ಪಶ್ಚಿಮಕ್ಕೆ ಹಾರಿದರೆ ಮೊದಲು ನಗರ, ಆಮೇಲೆ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಗಳ ಘಟ್ಟ, ಮಳೆಗಾಲದಲ್ಲಿ ದಟ್ಟ ಮೋಡ. ಅಲ್ಲಿ ಒಂದು ಎಂಜಿನ್ ನಿಂತರೆ 400 ಅಡಿ ಏರುವ ತನಕ ವಿಮಾನವನ್ನು ನೇರವಾಗಿ ಹಿಡಿಯುವುದೊಂದೇ ಕೆಲಸ, ಉಳಿದದ್ದು ಆಮೇಲೆ. ಇನ್ನೊಂದು ಮಾತು ನೆನಪಿರಲಿ: ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ನೆಲದಿಂದ ಸಾವಿರ ಅಡಿ ಮೇಲಿದ್ದಾಗ ಮಾಪಕ 3,500 ತೋರಿಸುತ್ತದೆ.

ಆ ಸಾವಿರ ಅಡಿಯ ಲೆಕ್ಕ ಕರಾವಳಿಯವರಾದ ನಮಗೆ ಬರೇ ಲೆಕ್ಕವಲ್ಲ. ವೇಗ, ಇಳಿಯುವ ಕೋನ, ರನ್‌ವೇಯ ನೇರ, ಚಕ್ರ, ಫ್ಲ್ಯಾಪ್ ಇವೆಲ್ಲ ಆ ಎತ್ತರಕ್ಕೆ ಬರುವಷ್ಟರಲ್ಲಿ ಸರಿಯಾಗಿರಬೇಕು, ಇಲ್ಲದಿದ್ದರೆ ಇಳಿಯದೆ ಮತ್ತೆ ಮೇಲೇರಬೇಕು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬಜ್ಪೆಯಲ್ಲಿ ತೀರಾ ಎತ್ತರದಿಂದ ಇಳಿಯತೊಡಗಿತು. ಸಹ ಪೈಲಟ್ ಮೂರು ಬಾರಿ "ಗೋ ಅರೌಂಡ್" ಎಂದರು, ಯಂತ್ರವೂ ಎಚ್ಚರಿಸಿತು. ಪ್ರಯಾಣದಲ್ಲಿ ಬಹಳ ಹೊತ್ತು ನಿದ್ರಿಸಿದ್ದ ಕ್ಯಾಪ್ಟನ್ ಮುಂದುವರಿದರು ಎಂದು ತನಿಖೆ ಹೇಳಿತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,000 ಅಡಿಗೂ ಹೆಚ್ಚು ದಾಟಿ ಚಕ್ರ ನೆಲ ಮುಟ್ಟಿತು. ರಿವರ್ಸ್ ಹಾಕಿದ ಮೇಲೆ ಮತ್ತೆ ಹಾರಲು ಯತ್ನಿಸಿದ್ದು ಇನ್ನಷ್ಟು ಕೆಡಿಸಿತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು.

ಈ ಅಭ್ಯಾಸವನ್ನು ಸಿಮ್ಯುಲೇಟರಿನಲ್ಲಿ ಬಜ್ಪೆಯನ್ನೇ ಹಾಕಿ ಮಾಡಬಹುದು. ಬೇಕೆಂದೇ ಎತ್ತರದಿಂದ ಬನ್ನಿ. ಕ್ಯಾಪ್ಟನ್ ಸೀಟಿನಲ್ಲಿರುವವನು ಸಹ ಪೈಲಟ್ ಒಮ್ಮೆ ಹೇಳಿದ ಕೂಡಲೇ ಎಂಜಿನ್ ಶಕ್ತಿ ಏರಿಸಿ, ಮೂತಿ ಎತ್ತಿ, ಫ್ಲ್ಯಾಪ್ 15ಕ್ಕೆ ತಂದು, ಏರುವುದು ಖಚಿತವಾದ ಮೇಲೆ ಚಕ್ರ ಮಡಚಬೇಕು. ಸಹ ಪೈಲಟ್ ಆಗಿ ಕುಳಿತವನಿಗೆ ಗಟ್ಟಿಯಾಗಿ ಹೇಳುವುದೇ ಕಷ್ಟದ ಪಾಠ, ಅದರಲ್ಲೂ ಪಕ್ಕದಲ್ಲಿರುವುದು ಅಣ್ಣನಾಗಿದ್ದರೆ!

ಮನೆಯ ಸಿಮ್ಯುಲೇಟರಿನ ಒಂದು ಗಂಟೆಯೂ ಪರವಾನಗಿಯ ಲೆಕ್ಕಕ್ಕೆ ಬರುವುದಿಲ್ಲ. ವಾಣಿಜ್ಯ ಪೈಲಟ್ ಆಗಲು 200 ಗಂಟೆ ಹಾರಾಟ ಬೇಕು, ವಯಸ್ಸು 18 ಆಗಿರಬೇಕು. ಮಕ್ಕಳು ಇದೇ ದಾರಿ ಎಂದು ಹಟ ಹಿಡಿದರೆ, ತರಬೇತಿ ಸಂಸ್ಥೆಗೆ ಹಣ ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ಕಣ್ಣಿನಲ್ಲೋ ಕಿವಿಯಲ್ಲೋ ತೊಂದರೆ ಇದ್ದರೆ ಅದು ಆಗಲೇ ಗೊತ್ತಾಗಲಿ, ಮನೆ ಅಡವಿಟ್ಟ ಮೇಲೆ ಅಲ್ಲ.