ಅಟ್ಟದ ಮೇಲೊಂದು ವರ್ಷ

ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಅದಿನ್ನೂ ಕಾಯಿ. ಕರಟಕ್ಕೆ ಉಂಡೆ ಬಡಿದು ಗಡಗಡ ಎಂದರೆ ಕೊಬ್ಬರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಈ ಪರೀಕ್ಷೆ ಮಕ್ಕಳಿಗೂ ಗೊತ್ತು.

ಕರಾವಳಿಯಲ್ಲಿ ಕಾಯಿ ಒಡೆದು, ಹೋಳು ಮಾಡಿ, ಬಿಸಿಲಿಗೆ ಹರವಿ ಒಣಗಿಸುತ್ತಾರೆ. ಅದು ಎಣ್ಣೆಯ ಗಾಣಕ್ಕೆ ಹೋಗುವ ಕೊಬ್ಬರಿ. ಇಲ್ಲಿನದು ಉಂಡೆ ಕೊಬ್ಬರಿ. ಒಡೆಯುವ ಮಾತೇ ಇಲ್ಲ. ಮರದಲ್ಲಿ ಪೂರ್ತಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಎಂಟರಿಂದ ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಕುಗ್ಗಿ ಕರಟದಿಂದ ಬಿಡಿಸಿಕೊಳ್ಳುತ್ತದೆ. ಹಳೆಯ ಮನೆಗಳಲ್ಲಿ ಅಡುಗೆ ಒಲೆಯ ಹೊಗೆಯೂ ಅಟ್ಟದ ಸಂದಿಯಲ್ಲಿ ನುಗ್ಗಿ ಈ ಕೆಲಸಕ್ಕೆ ಕೈ ಜೋಡಿಸುತ್ತಿತ್ತು. ಮಳೆ ಕಡಿಮೆ ಇರುವ ಈ ಬಯಲುಸೀಮೆಯ ಒಣಗಾಳಿಯೇ ಇದರ ಬಂಡವಾಳ. ತೇವ ಹೆಚ್ಚಿರುವ ಊರಿನಲ್ಲಿ ಇಷ್ಟು ದಿನ ಇಟ್ಟರೆ ಕಾಯಿ ಕೊಳೆಯುತ್ತದೆ ಇಲ್ಲವೇ ಮೊಳೆಯುತ್ತದೆ.

ಕೊನೆಯ ಹಂತ ಕೈಚಳಕದ್ದು. ಸಿಪ್ಪೆ ಸುಲಿದ ಕಾಯನ್ನು ಅಂಗೈಯಲ್ಲಿ ತಿರುಗಿಸುತ್ತ ಮಚ್ಚಿನಿಂದ ಹದವಾಗಿ ತಟ್ಟುತ್ತಾರೆ. ಏಟು ಜೋರಾದರೆ ಉಂಡೆ ಹೋಳಾಗಿ ಬೆಲೆ ಇಳಿಯುತ್ತದೆ. ಮೆತ್ತಗಾದರೆ ಕರಟ ಬಿಡುವುದಿಲ್ಲ. ಈ ಕೆಲಸದಲ್ಲಿ ನುರಿತ ಹೆಂಗಸರ ಕೈ ನೋಡುವುದೇ ಒಂದು ಸೊಗಸು. ಹೀಗೆ ಹೊರಬಂದ ಉಂಡೆ ತಿಪಟೂರಿನ ಎಪಿಎಂಸಿ ಸೇರಿ, ಅಲ್ಲಿಂದ ಉತ್ತರ ಭಾರತದ ಒಣಹಣ್ಣಿನ ಅಂಗಡಿ, ಮದುವೆ ಮನೆ, ಪೂಜೆಯ ತಟ್ಟೆಗಳಿಗೆ ಪಯಣ ಬೆಳೆಸುತ್ತದೆ. ಸಿಪ್ಪೆ ನಾರಾಗುತ್ತದೆ, ಕರಟ ಇದ್ದಿಲಾಗುತ್ತದೆ. ಯಾವುದೂ ದಂಡವಿಲ್ಲ.

ದಂಡವಾಗುವುದು ರೈತನ ಕಾಯುವಿಕೆ. ಮರದ ಮೇಲೆ ಒಂದು ವರ್ಷ, ಅಟ್ಟದ ಮೇಲೆ ಸುಮಾರು ಇನ್ನೊಂದು. ಇಷ್ಟಾಗಿ ಮಾರುಕಟ್ಟೆಗೆ ತಂದ ದಿನದ ಬೆಲೆ ಅವನ ಕೈಯಲ್ಲಿಲ್ಲ. ಆದ್ದರಿಂದಲೇ ಇಲ್ಲಿನ ರಾಜಕಾರಣಕ್ಕೂ ಕೊಬ್ಬರಿಗೂ ಬಿಡಿಸಲಾಗದ ನಂಟು. 2023ರ ವಿಧಾನಸಭಾ ಚುನಾವಣೆಯಲ್ಲಿ ತಿಪಟೂರು ಕಾಂಗ್ರೆಸ್ಸಿಗೆ, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಜೆಡಿಎಸ್‌ಗೆ ಒಲಿದವು. ಪಕ್ಷ ಯಾವುದೇ ಇರಲಿ, ಕೊಬ್ಬರಿ ಬೆಲೆಯ ಮಾತೆತ್ತದೆ ಈ ಊರುಗಳಲ್ಲಿ ಮತ ಕೇಳಲಾಗದು.

ಆ ವರ್ಷ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಒಂದು ಹಂತದಲ್ಲಿ ಎಂಟು ಸಾವಿರದ ಆಸುಪಾಸು. ರೈತರು ಬೀದಿಗಿಳಿದರು, ಸದನದಲ್ಲೂ ದನಿ ಎದ್ದಿತು. 2024ರಲ್ಲಿ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರ್ಕಾರ ಮೇಲೆ 1,500 ರೂಪಾಯಿ ಸೇರಿಸಿತು. ಆದರೆ ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ಕೇಂದ್ರದ ಸಂಸ್ಥೆ ನಾಫೆಡ್‌ನ ಖರೀದಿಯ ನೋಂದಣಿಗೆ ಸರದಿ ನಿಂತವರ ಪಾಡು ಹೇಳತೀರದು. ಅಕ್ರಮದ ದೂರು ಬಂದು ಮೊದಲ ನೋಂದಣಿ ರದ್ದಾಯಿತು, ಎಲ್ಲ ಮತ್ತೆ ಮೊದಲಿನಿಂದ. ಸಾಲ ತೀರಿಸಬೇಕಿದ್ದ ಸಣ್ಣ ಹಿಡುವಳಿದಾರ ಅಷ್ಟು ದಿನ ಹೇಗೆ ತಡೆದಾನು?

2025ರಲ್ಲಿ ಚಕ್ರ ತಿರುಗಿತು. ತಿಪಟೂರಿನಲ್ಲಿ ಕ್ವಿಂಟಲ್ ಕೊಬ್ಬರಿ 25 ಸಾವಿರ ರೂಪಾಯಿ ದಾಟಿತು. ಊರೆಲ್ಲ ಹಬ್ಬವಾಗಬೇಕಿತ್ತು, ಆಗಲಿಲ್ಲ. ಬರ, ಬಿಸಿಲು, ರೋಗ, ಬತ್ತಿದ ಕೊಳವೆಬಾವಿಗಳಿಂದ ಇಳುವರಿ ಕುಸಿದದ್ದೇ ಬೆಲೆ ಏರಲು ಕಾರಣ. ಬೆಲೆ ಬಂದಾಗ ಎಷ್ಟೋ ಮನೆಗಳ ಅಟ್ಟದಲ್ಲಿ ಕಾಯಿ ಇರಲಿಲ್ಲ. ಎಳನೀರಿಗೇ ಕಾಯಿ ಕೊಟ್ಟು ಕೈತೊಳೆದುಕೊಳ್ಳುವವರೂ ಹೆಚ್ಚುತ್ತಿದ್ದಾರೆ. ತಕ್ಷಣ ಕಾಸು ಬರುವಾಗ ಅವರನ್ನು ದೂರುವಂತಿಲ್ಲ; ಆದರೆ ಅಟ್ಟ ಬರಿದಾದರೆ ಈ ಕಸುಬೂ ಬರಿದಾಗುತ್ತದೆ.

ಬೆಲೆ ಬಿದ್ದು, ರೈತ ಬೀದಿಗೆ ಬಂದ ಮೇಲೆ ಖರೀದಿ ಕೇಂದ್ರದ ಬಾಗಿಲು ತೆರೆಯುವುದು ನಿಲ್ಲಬೇಕು. ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗಿಳಿದ ವಾರವೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲಿ ತಕ್ಕಡಿ ಸಿದ್ಧವಿರಲಿ. ಈ ಸೀಮೆಯಿಂದ ಗೆದ್ದು ವಿಧಾನಸೌಧದ ಮೆಟ್ಟಿಲೇರುವ ಪ್ರತಿಯೊಬ್ಬರೂ ಇದೊಂದನ್ನು ಮಾಡಿಸಿಕೊಡಲಿ.