ಕಾಫಿ ಮೂಟೆಯ ಹಡಗು ದಾರಿ



2024ರ ಆರಂಭದಲ್ಲಿ, ಕೊಯ್ಲಿನ ನಡುವೆ ಸಂಘದ ಕಚೇರಿಗೆ ಬಂದ ಹಲವರು ನಮ್ಮನ್ನು ಒಂದೇ ಪ್ರಶ್ನೆ ಕೇಳಿದರು: “ಸೆಕ್ರೆಟರಿಯವರೇ, ಕೆಂಪು ಸಮುದ್ರದಲ್ಲಿ ಯಾರೋ ಹಡಗಿಗೆ ಹೊಡೆದರೆ ನಮ್ಮ ಕಣದಲ್ಲಿರುವ ಕಾಫಿಗೇನು?” ಅಂದು ಎರಡು ಮಾತಿನಲ್ಲಿ ಉತ್ತರಿಸಿದ್ದೆವು. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಕಾಫಿ ವ್ಯಾಪಾರ ಬೆಳೆದದ್ದೇ ಆ ಸಮುದ್ರದ ದಂಡೆಯಲ್ಲಿ. 17ನೇ ಶತಮಾನದಲ್ಲಿ ಹೊರದೇಶಗಳಿಗೆಲ್ಲ ಕಾಫಿ ಒದಗಿಸುತ್ತಿದ್ದುದು ಯೆಮನ್. ಬೆಟ್ಟದ ರೈತನ ಬೆಳೆ ಬೈತ್ ಅಲ್ ಫಕೀಹ್ ಎಂಬ ಊರಿನ ಪೇಟೆಗೆ ಇಳಿಯುತ್ತಿತ್ತು. ಅಲ್ಲಿಂದ ಒಂಟೆಯ ಮೇಲೆ ಮೋಖಾ ಮೊದಲಾದ ಬಂದರುಗಳಿಗೆ. ಮುಂದೆ ಜಿದ್ದಾ, ಕೈರೋ, ಅಲೆಕ್ಸಾಂಡ್ರಿಯಾ ದಾಟಿ ಯೂರೋಪಿಗೆ. ಮೋಖಾದ ದಲ್ಲಾಳಿಗಳಲ್ಲಿ ಗುಜರಾತಿನ ಬನಿಯಾಗಳೂ ಇದ್ದರು. ಕೈ ಬದಲಾದಲ್ಲೆಲ್ಲ ಬಾಡಿಗೆ, ಸುಂಕ, ದಲ್ಲಾಳಿ ಸೇರುತ್ತಿತ್ತು. ಬಾಬಾ ಬುಡನ್ ಅವರು ಏಳು ಬೀಜ ತಂದರೆಂಬ ನಮ್ಮ ಚಿಕ್ಕಮಗಳೂರಿನ ಐತಿಹ್ಯವೂ ಮೋಖಾದ ಕಡೆಗೇ ಬೆರಳು ಮಾಡುತ್ತದೆ. ಡಚ್ಚರು ಜಾವಾದಲ್ಲಿ ಗಿಡ ನೆಟ್ಟು, ತಮ್ಮ ಹಡಗಿನಲ್ಲೇ ಕಾಫಿಯನ್ನು ಆಂಸ್ಟರ್‌ಡ್ಯಾಮಿಗೆ ಒಯ್ಯತೊಡಗಿದ ಮೇಲೆ ಯೆಮನ್ನಿನ ಏಕಸ್ವಾಮ್ಯ ಮುರಿಯಿತು.

ನಮ್ಮ ಕಾಫಿ ಬ್ರಿಟಿಷರ ಕಾಲದಲ್ಲಿ ಪಶ್ಚಿಮ ಕರಾವಳಿಯಿಂದ ಹಾಯಿಹಡಗು ಹತ್ತಿ, ಆಫ್ರಿಕದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹೋಗುತ್ತಿತ್ತು. ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದ ಬೀಜ ಉಬ್ಬಿ, ಹಸಿರು ಕಳೆದು ಹೊಂಬಣ್ಣಕ್ಕೆ ತಿರುಗುತ್ತಿತ್ತು, ಹುಳಿ ತಗ್ಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಮುಂಬಯಿ–ಲಂಡನ್ ದಾರಿ ಸುಮಾರು ಶೇಕಡಾ 40ರಷ್ಟು ಕಡಿಮೆಯಾಯಿತು, ಉಗಿಹಡಗುಗಳು ಬಂದವು. ಕಾಫಿ ಬೇಗ ತಲುಪಿತು. ಆದರೆ ಹಳೆಯ ರುಚಿಗೆ ಒಗ್ಗಿದ್ದ ಗಿರಾಕಿಗಳು ಆ ರುಚಿಯನ್ನೇ ಕೇಳಿದರು. ಆಗ ಕರಾವಳಿಯ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿಗೆ ಕಾಫಿ ಹರಡಿ ಅದೇ ಗುಣ ತರಿಸಿದರು. ಇಂದಿನ ‘ಮಾನ್ಸೂನ್ಡ್ ಮಲಬಾರ್’ ಅದೇ.

ಮಾರುವ ಕ್ರಮವೂ ಬದಲಾಯಿತು. 1940ರ ದಶಕದಿಂದ ನಾವು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸುತ್ತಿದ್ದೆವು. ಪಾಯಿಂಟ್ ಲೆಕ್ಕದಲ್ಲಿ ಹಣ ಕಂತುಕಂತಾಗಿ ಬರುತ್ತಿತ್ತು. ಹಣ ತಡವಾಗುತ್ತದೆಂದು ಗೊಣಗಿದವರಲ್ಲಿ ನಾವೂ ಇದ್ದೆವು. ಆದರೆ ಪೇಟೆಯ ಏರಿಳಿತ ಅಂದಂದಿಗೆ ನಮ್ಮ ಅಂಗಳಕ್ಕೆ ನುಗ್ಗುತ್ತಿರಲಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ನಿಂತಿತು. 1996ರ ಹೊತ್ತಿಗೆ ಪೂಲ್ ಪೂರ್ತಿ ಮುಗಿಯಿತು. ಇಂದು ಲಂಡನ್ ಪೇಟೆಯ ರೋಬಸ್ಟಾ ದರ, ನ್ಯೂಯಾರ್ಕಿನ ಅರೇಬಿಕಾ ದರ ನೇರವಾಗಿ ನಮ್ಮ ಗೇಟಿಗೆ ಬರುತ್ತದೆ. ರಫ್ತುದಾರನು ಆ ದರದಿಂದ ಹಡಗು ಬಾಡಿಗೆ, ವಿಮೆ, ಕ್ಯೂರಿಂಗ್, ತನ್ನ ಲಾಭ ಇವನ್ನೆಲ್ಲ ಕಳೆದು ಉಳಿದದ್ದನ್ನು ನಮಗೆ ಹೇಳುತ್ತಾನೆ.

ಸದಸ್ಯರ ಪ್ರಶ್ನೆಗೆ ಉತ್ತರ ಇಲ್ಲಿದೆ. 2023ರ ಕೊನೆಯಲ್ಲಿ ದಾಳಿಗಳು ಶುರುವಾದಾಗ ಅನೇಕ ಹಡಗು ಕಂಪನಿಗಳು ಸೂಯೆಜ್ ಬಿಟ್ಟು ಮತ್ತೆ ಗುಡ್‌ಹೋಪ್ ಸುತ್ತಿ ಹೋದವು. ಯೂರೋಪಿಗೆ ಹತ್ತು ಹದಿನೈದು ದಿನ ಹೆಚ್ಚಾಯಿತು, ಬಾಡಿಗೆ ಏರಿತು. ಭಾರತದ ಕಾಫಿಯ ಬಹುಪಾಲು ರಫ್ತಾಗುವುದು. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. 2024ರಲ್ಲಿ ವಿಯೆಟ್ನಾಂ, ಬ್ರೆಜಿಲ್‌ಗಳ ಬರದಿಂದ ದರ ಏರಿದ್ದರಿಂದ ಈ ಪೆಟ್ಟು ನಮಗೆ ಅಷ್ಟಾಗಿ ತಿಳಿಯಲಿಲ್ಲ. ದರ ಇಳಿದ ವರ್ಷ ಹೀಗಾದರೆ ಖಂಡಿತ ತಿಳಿಯುತ್ತದೆ.

ಹಡಗಿನ ದಾರಿ ನಮ್ಮ ಕೈಯಲ್ಲಿಲ್ಲ. ಕಣ ನಮ್ಮ ಕೈಯಲ್ಲಿದೆ. ಪಯಣ ಉದ್ದವಾದಷ್ಟೂ ಅರೆಬರೆ ಒಣಗಿದ ಕಾಫಿ ಬೂಷ್ಟು ಹಿಡಿಯುವ ಭಯ ಹೆಚ್ಚು. ಕ್ರಮವಾಗಿ ಮಾಡುವ ಮಾನ್ಸೂನಿಂಗ್ ಬೇರೆ, ಒಣಗದ ಕಾಫಿ ಕೆಡುವುದು ಬೇರೆ. ಆದ್ದರಿಂದ ಚೆನ್ನಾಗಿ ಒಣಗಿಸಿ, ತೇವ ನೋಡಿಸಿಯೇ ಮೂಟೆ ಕಟ್ಟಿರಿ. ಮಾರುವ ಮುನ್ನ ಆ ದಿನದ ಹೊರದೇಶದ ದರ ತಿಳಿದುಕೊಳ್ಳಿರಿ. ಹತ್ತು ಮೂಟೆಯವರು ಒಬ್ಬೊಬ್ಬರೇ ದರ ಕೇಳುವುದಕ್ಕಿಂತ, ಇಪ್ಪತ್ತು ಮಂದಿ ಸಂಘದ ಮೂಲಕ ಒಟ್ಟಿಗೆ ಕೇಳಿದರೆ ಉತ್ತರ ಬೇರೆಯಾಗಿರುತ್ತದೆ ಎಂಬುದು ನಮ್ಮ ಅನುಭವ.