ಎಂಜಿನ್ನಿಗೊಂದು ಸಿಂಬೆ

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಕಾರ್ಬ್ಯುರೇಟರಿನ ಮಾತನ್ನು ಕಂಡು ಕೆಲವರಾದರೂ ಹುಬ್ಬೇರಿಸಬಹುದು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕಂದಪದ್ಯಕ್ಕೆ ಪ್ರಸ್ತಾರ ಹಾಕಬಲ್ಲರು. ಅಂಗಳದಲ್ಲಿ ನಿಂತ ಬೈಕಿನ ಒಂದು ಬಿಡಿಭಾಗ ಏನು ಮಾಡುತ್ತದೆಂದು ಅದೇ ಕನ್ನಡದಲ್ಲಿ ಹೇಳಬೇಕಾದಾಗ ತಡವರಿಸುತ್ತಾರೆ. ತಾಳವಾಡಿ ಬೆಟ್ಟಸೀಮೆಯ ಪಣಕಹಳ್ಳಿಯಂಥ ಊರಿನಲ್ಲಿ ಈ ತಡವರಿಕೆ ದುಬಾರಿಯಾದುದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು, ಬಿಡಿಭಾಗದ ಪೊಟ್ಟಣದ ಮೇಲಿನ ಬರಹ ಇಂಗ್ಲಿಷು. ಸತ್ಯಮಂಗಲದಿಂದ ಊರಿಗೆ ಮರಳುವವರು ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಬೇಕು. 2013ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಆ ಕಾಡಿನ ನಡುವೆ ಸಂಜೆಯ ಹೊತ್ತು ಬಂಡಿ ಕೆಟ್ಟು ನಿಲ್ಲುವುದು ತಮಾಷೆಯ ಸಂಗತಿಯಲ್ಲ.

ಹಳೆಯ ಬೈಕುಗಳಲ್ಲಿ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಉಣಿಸುವುದು ಕಾರ್ಬ್ಯುರೇಟರು. ಅದರ ಬುಡದ ಬಟ್ಟಲಲ್ಲಿ ಸ್ವಲ್ಪ ಪೆಟ್ರೋಲು ಸದಾ ನಿಂತಿರುತ್ತದೆ. ಪೆಟ್ರೋಲು ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಅದರ ಹಗುರ ಅಂಶಗಳು ಸುಮಾರು 40 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯಲಾರಂಭಿಸುತ್ತವೆ. ಹೊರೆ ಹೊತ್ತು, ಕೆಳಗಿನ ಗೇರಿನಲ್ಲಿ ಘಾಟಿ ಹತ್ತಿದ ಎಂಜಿನ್ನು ಕಾದಿರುತ್ತದೆ. ಮೇಲೆ ಬಂದು ಚಹಾಕ್ಕೆಂದು ನಿಲ್ಲಿಸಿದೊಡನೆ ತಂಪೆರೆಯುವ ಗಾಳಿಯೂ ನಿಲ್ಲುತ್ತದೆ. ಆಗ ಎಂಜಿನ್ನಿನ ತಲೆಯ ಬಿಸಿ ಲೋಹದ ಮೂಲಕ ಹರಿದು ಬಟ್ಟಲಿನ ಪೆಟ್ರೋಲನ್ನು ಕುದಿಸುತ್ತದೆ. ಬಳಿಕ ಎಷ್ಟು ಒದೆದರೂ ಬಂಡಿ ಹೊರಡದು. ಇದನ್ನು ತಡೆಯಲೆಂದೇ ತಯಾರಕರು ಎಂಜಿನ್ನಿಗೂ ಕಾರ್ಬ್ಯುರೇಟರಿಗೂ ನಡುವೆ ಒಂದು ದಪ್ಪ ಬಿಲ್ಲೆ ಇಟ್ಟಿರುತ್ತಾರೆ. ಅದು ಸೀಳಿದಾಗ, ಅಥವಾ ಬೇರೆ ಬಂಡಿಯ ಕಾರ್ಬ್ಯುರೇಟರು ಕೂಡಿಸುವಾಗ, ಜನ ಮನೆಯಲ್ಲಿಯೇ ಅಂಥದೊಂದನ್ನು ಮಾಡಿಕೊಳ್ಳುತ್ತಾರೆ.

ಮೆಕ್ಯಾನಿಕರು ಇದನ್ನು ಇನ್ಸುಲೇಟರ್ ಎನ್ನುತ್ತಾರೆ, ಸ್ಪೇಸರ್ ಎನ್ನುವುದೂ ಉಂಟು. ಅಂಗಡಿಯಲ್ಲಿ ‘ಪ್ಯಾಕಿಂಗ್ ಕೊಡಿ’ ಎಂದರೆ ಮಾತ್ರ ತೆಳು ಕಾಗದದ ಹಾಳೆ ಕೈಗೆ ಬರುತ್ತದೆ. ಅದು ಗಾಳಿಯನ್ನು ತಡೆಯುತ್ತದೆ, ಬಿಸಿಯನ್ನಲ್ಲ. ನನಗೆ ಒಪ್ಪುವ ಹೆಸರು ಸಿಂಬೆ. ಕೊಡ ಹೊರುವವರು ತಲೆಯ ಮೇಲಿಡುವ ಬಟ್ಟೆಯ ಸುರುಳಿ ಅದು. ಮರಾಠಿ ಮತ್ತು ಕನ್ನಡ ಎರಡರಲ್ಲೂ ಪಾಠ ಕೇಳಿದ ನನ್ನಂಥವರಿಗೆ ‘ಚುಂಬಳ’ ಎಂಬ ಅದರ ಮರಾಠಿ ಹೆಸರೂ ಒಟ್ಟಿಗೇ ನೆನಪಾಗುತ್ತದೆ. ಸಿಂಬೆ ತಲೆಗೂ ಕೊಡಕ್ಕೂ ಅಂತರ ಕೊಡುತ್ತದೆ, ಎರಡಕ್ಕೂ ಬಿಗಿಯಾಗಿ ಹೊಂದಿಕೊಳ್ಳುತ್ತದೆ. ಎಂಜಿನ್ನಿನ ಸಿಂಬೆಯಿಂದಲೂ ನಾವು ಬಯಸುವುದು ಇಷ್ಟೇ: ಬಿಸಿ ದಾಟಬಾರದು, ಹೊರಗಿನ ಗಾಳಿ ನುಸುಳಬಾರದು.

ಇವೆರಡನ್ನು ಮನಸ್ಸಿನಲ್ಲಿಟ್ಟುಕೊಂಡರೆ ವಸ್ತುವಿನ ಆಯ್ಕೆ ಸುಲಭ. ಮೊದಲು ಕೈಗೆ ಸಿಗುವುದು ಅಲ್ಯೂಮಿನಿಯಂ ತುಂಡು. ಗರಗಸಕ್ಕೆ ಬಗ್ಗುತ್ತದೆ, ಗಟ್ಟಿ, ನೋಟಕ್ಕೂ ಚೆಂದ. ಆದರೆ ಬಿಸಿಯನ್ನು ಸಾಗಿಸುವುದರಲ್ಲಿ ಅದು ಬೇಕಲೈಟಿಗಿಂತ ನೂರಾರು ಪಟ್ಟು ಮುಂದು. ಅಡುಗೆ ಪಾತ್ರೆಗೆ ಅದನ್ನು ಬಳಸುವುದೇ ಈ ಗುಣಕ್ಕಾಗಿ. ಬೋಲ್ಟಿನ ತೂತುಗಳು ಹೊಂದದಿರುವಾಗ ಎರಡನ್ನು ಜೋಡಿಸಲು ಅಲ್ಯೂಮಿನಿಯಂ ಆಗಬಹುದು, ಬಿಸಿ ತಡೆಯಲು ಆಗದು. ಮರ ಬಿಸಿಯನ್ನು ಚೆನ್ನಾಗಿಯೇ ತಡೆಯುತ್ತದೆ. ಕಾವಲಿಯ ಹಿಡಿಯನ್ನು ಹಿಡಿದವರೆಲ್ಲ ಇದನ್ನು ಬಲ್ಲರು. ಆದರೆ ಅದು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಬೋಲ್ಟು ಸಡಿಲುತ್ತದೆ. ಪೆಟ್ರೋಲು ಕುಡಿದ ಮರವನ್ನು ಬಿಸಿ ಎಂಜಿನ್ನಿಗೆ ಅಂಟಿಸಿ ಇಡುವುದೂ ಜಾಣತನವಲ್ಲ.

ಪ್ಲಾಸ್ಟಿಕ್ಕಿನ ವಿಚಾರದಲ್ಲಿ ಮೋಸಹೋಗುವವರು ಹೆಚ್ಚು. ಆ ಒಂದೇ ಹೆಸರಿನೊಳಗೆ ಎರಡು ಬೇರೆ ಕುಲಗಳಿವೆ. ಒಂದು ಬೆಲ್ಲದಂಥದು: ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಇನ್ನೊಂದು ಇಡ್ಲಿಯಂಥದು: ಒಮ್ಮೆ ಬೆಂದಮೇಲೆ ಮತ್ತೆಷ್ಟು ಬೇಯಿಸಿದರೂ ಹಿಟ್ಟಾಗುವುದಿಲ್ಲ. ನೀರಿನ ಪೈಪಿನ ಪಿವಿಸಿ, ತರಕಾರಿ ಹೆಚ್ಚುವ ಬಿಳಿ ಹಲಗೆ, ನೈಲಾನು, ಟೆಫ್ಲಾನು ಎಲ್ಲ ಮೊದಲ ಕುಲದವು. ಪಿವಿಸಿ ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ. ಕಾದ ಎಂಜಿನ್ನಿನ ತಲೆ ಅದಕ್ಕಿಂತ ಎಷ್ಟೋ ಬಿಸಿ. ಟೆಫ್ಲಾನು 250 ಡಿಗ್ರಿಯನ್ನೂ ತಾಳುತ್ತದೆ, ಪೆಟ್ರೋಲಿಗೆ ಜಗ್ಗುವುದಿಲ್ಲ, ಬೆಲೆಯೂ ಹೆಚ್ಚು. ಹಾಗಾಗಿ ಅದೇ ಶ್ರೇಷ್ಠವೆಂದು ಕೊಳ್ಳುವವರುಂಟು. ಅದರ ದೋಷ ಬೇರೆ ಕಡೆ ಇದೆ. ಬೋಲ್ಟಿನ ಒತ್ತಡಕ್ಕೆ ಅದು ದಿನಗಳೆದಂತೆ ಮೆಲ್ಲಗೆ ಹರಿದು ತೆಳುವಾಗುತ್ತದೆ, ಬಿಗಿದದ್ದು ಬಿಗಿಯಾಗಿ ಉಳಿಯುವುದಿಲ್ಲ.

ಇಡ್ಲಿಯ ಕುಲದ ಹಿರಿಯ ಬೇಕಲೈಟು. ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಅದನ್ನು ಮಾಡಿದ. ಅಂಥ ಅಂಟಿನಲ್ಲಿ ಕಾಗದವನ್ನೋ ಬಟ್ಟೆಯನ್ನೋ ನೆನೆಸಿ, ಪದರ ಪದರವಾಗಿ ಜೋಡಿಸಿ, ಬಿಸಿಯಲ್ಲಿ ಒತ್ತಿದ ಹಲಗೆಯೇ ವಿದ್ಯುತ್ ಸಾಮಾನಿನ ಅಂಗಡಿಯವರು ‘ಹೈಲಂ’ ಎನ್ನುವ ಕಂದು ಹಾಳೆ. ಮನೆಯಲ್ಲಿ ಸಿಂಬೆ ಮಾಡುವವರಿಗೆ ನಾನು ಹೇಳುವುದು ಇದನ್ನೇ, ಅದರಲ್ಲೂ ಬಟ್ಟೆಯ ಪದರವಿರುವುದನ್ನು. ತೂತು ಕೊರೆಯುವಾಗ ಅದರ ಅಂಚು ಅಷ್ಟಾಗಿ ಸಿಡಿಯುವುದಿಲ್ಲ. 6ರಿಂದ 10 ಮಿಲಿಮೀಟರ್ ದಪ್ಪ ಸಾಕು. ಕೊರೆಯುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಹಳೆಯ ಆಸ್ಬೆಸ್ಟಾಸ್ ಹಾಳೆ ಬಿಸಿಗೆ ಎಷ್ಟೇ ಒಳ್ಳೆಯದಾದರೂ ಅದನ್ನು ಮುಟ್ಟಲೇಬಾರದು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ.

ವಸ್ತು ಸರಿಯಾಗಿದ್ದೂ ಸಿಂಬೆ ಸೋಲುವುದು ಸಾಮಾನ್ಯವಾಗಿ ಗಾಳಿಯಿಂದ. ಎಂಜಿನ್ನು ಉಸಿರೆಳೆಯುವಾಗ ಸಣ್ಣ ಸಂದಿಯಿಂದಲೂ ಹೊರಗಾಳಿ ಒಳನುಗ್ಗುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಇರಬೇಕಾದ ಲೆಕ್ಕ ತಪ್ಪುತ್ತದೆ. ಗಾಳಿ ಹೆಚ್ಚಾದ ಮಿಶ್ರಣದಲ್ಲಿ ಘಾಟಿ ಹತ್ತಿದರೆ ಎಂಜಿನ್ನು ಅತಿಯಾಗಿ ಕಾದು ಪಿಸ್ಟನ್ನೇ ಸುಟ್ಟುಹೋಗಬಹುದು. ಇಲ್ಲಿ ಉಳಿಸಲು ಹೊರಟದ್ದು ಒಂದು ಬಿಲ್ಲೆಯ ದುಡ್ಡು ಎಂಬುದನ್ನು ಮರೆಯಬಾರದು. ಆದುದರಿಂದ ಗಾಜಿನ ಮೇಲೆ ಎಮರಿ ಕಾಗದವನ್ನಿರಿಸಿ ಎರಡೂ ಮುಖಗಳನ್ನು ಸಮತಟ್ಟಾಗುವವರೆಗೆ ಉಜ್ಜಬೇಕು. ನಡುವಿನ ತೂತು ಎರಡೂ ಕಡೆಯ ಬಾಯಿಗೆ ಮೆಟ್ಟಿಲಿಲ್ಲದಂತೆ ಕೂಡಬೇಕು. ಎರಡೂ ಪಕ್ಕದಲ್ಲಿ ಕಾಗದದ ಪ್ಯಾಕಿಂಗ್ ಇರಬೇಕು. ಸಿಂಬೆ ಎಷ್ಟು ದಪ್ಪವೋ ಬೋಲ್ಟು ಅಷ್ಟು ಉದ್ದವಾಗಬೇಕು. ಎರಡೇ ಸುತ್ತು ಹಿಡಿದ ಬೋಲ್ಟು ಎಂಜಿನ್ನಿನ ಮರೆಯನ್ನೇ ಕಿತ್ತುಕೊಂಡು ಬರುತ್ತದೆ.

ಶಕ್ತಿ ಹೆಚ್ಚಲೆಂದು ಸಿಂಬೆ ಕೂಡಿಸುವವರೂ ಇದ್ದಾರೆ. ಸಣ್ಣ ಬೈಕಿನಲ್ಲಿ ಅದು ಹೆಚ್ಚಾಗಿ ಆಸೆಯ ಮಾತು. 2020ರಿಂದೀಚಿನ ಬಹುಪಾಲು ಬಿಎಸ್-6 ಬೈಕುಗಳಲ್ಲಿ ಕಾರ್ಬ್ಯುರೇಟರಿನ ಜಾಗಕ್ಕೆ ಇಂಜೆಕ್ಷನ್ ಬಂದಿರುವುದರಿಂದ ಅವುಗಳಲ್ಲಿ ಕೈಯಾಡಿಸದಿರುವುದೇ ಒಳಿತು.

ಕೂಡಿಸಿದ ಮೇಲೆ ಎಂಜಿನ್ನನ್ನು ಮೆಲ್ಲಗೆ ಓಡಲು ಬಿಟ್ಟು ಸಂದಿಯ ಸುತ್ತ ನಾಲ್ಕು ಹನಿ ನೀರು ಬಿಡಬೇಕು. ಓಟದ ಸದ್ದು ಬದಲಾದರೆ ಗಾಳಿ ನುಸುಳುತ್ತಿದೆಯೆಂದೇ ಅರ್ಥ. ಬಿಚ್ಚಿ ಮತ್ತೆ ಉಜ್ಜಬೇಕು. ಬದಲಾಗದಿದ್ದರೆ ಊರ ಸುತ್ತ ಒಂದೆರಡು ದಿನ ಓಡಿಸಿ, ಎಂಜಿನ್ನು ಪೂರ್ತಿ ಆರಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಹದವಾಗಿ ಬಿಗಿದು, ಆಮೇಲೆ ಘಾಟಿಗೆ ಇಳಿಸಬಹುದು.